ಓದುಗರ ಪ್ರಶ್ನೆ: ಮನೆಯ ಕಾರಿಗೆ ನೈಟ್ರಸ್ ಹಾಕಿಸಲೇ?

ಪ್ರಶ್ನೆ: ಮೇಡಂ, ನನ್ನದು 1.6 ಲೀಟರ್ ಪೆಟ್ರೋಲ್ ಕಾರು. ಒಂಬತ್ತು ವರ್ಷ ಹಳೆಯದು, 1,40,000 ಕಿಲೋಮೀಟರ್ ಓಡಿದೆ. ಮ್ಯಾನುವಲ್ ಗೇರ್, ಟರ್ಬೊ ಇಲ್ಲ, 120 ಎಚ್‌ಪಿ. ಗೆಳೆಯನೊಬ್ಬ ತನ್ನ ಕಾರಿಗೆ ನೈಟ್ರಸ್ ಕಿಟ್ ಹಾಕಿಸಿದ್ದಾನೆ, ಅಂದರೆ ಬಾಟಲಿಯಿಂದ ನೈಟ್ರಸ್ ಆಕ್ಸೈಡ್ ಗ್ಯಾಸ್ ಬಿಟ್ಟು ಇಂಜಿನ್ನಿನ ಶಕ್ತಿ ಹೆಚ್ಚಿಸುವ ಕಿಟ್. ಒಂದು ಸಲ ಪಕ್ಕದಲ್ಲಿ ಕೂತು ಹೋಗಿಬಂದೆ. ಅವತ್ತಿನಿಂದ ತಲೆಯಲ್ಲಿ ಅದೇ ಸುತ್ತುತ್ತಿದೆ. 75 ಎಚ್‌ಪಿ ಶಾಟ್, ಅಂದರೆ ಒತ್ತಿದಾಗ 75 ಎಚ್‌ಪಿ ಹೆಚ್ಚಿಗೆ ಕೊಡುವಂಥದ್ದು, ಹಾಕಿಸೋಣ ಅಂತಿದ್ದೇನೆ. ಟರ್ಬೊಗಿಂತ ತುಂಬಾ ಅಗ್ಗ, ಬೇಡ ಅನಿಸಿದಾಗ ಸ್ವಿಚ್ ಆಫ್ ಮಾಡಿದರೆ ಇಂಜಿನ್ ಮೊದಲಿನ ಹಾಗೇ ಇರುತ್ತದೆ ಅಂತ ಅವನು ಹೇಳುತ್ತಾನೆ. ಇದೇ ಕಾರಿನಲ್ಲಿ ನನ್ನ ಹೆಂಡತಿ ಕೆಲಸಕ್ಕೆ ಹೋಗುತ್ತಾಳೆ, ಮಗಳನ್ನು ಶಾಲೆಗೆ ಬಿಡುತ್ತೇವೆ. ಇಂಜಿನ್ ಗಟ್ಟಿಯಾಗಿದೆ. ಐದು ಸಾವಿರ ಕಿಲೋಮೀಟರಿಗೆ ಅರ್ಧ ಲೀಟರ್ ಆಯಿಲ್ ಕುಡಿಯುತ್ತದೆ, ಅಷ್ಟೆ. ಹಾಕಿಸಲೇ, ಬೇಡವೇ?
– ಹೆಸರು ಬೇಡ ಎಂದ ಓದುಗರು

ಉತ್ತರ: ಈ ಕಾರಿಗೆ ಬೇಡ. 75 ಅಂತೂ ಖಂಡಿತ ಬೇಡ. ಕಾರಣಗಳನ್ನೆಲ್ಲ ಓದಿ ಮುಗಿಸುವ ಮೊದಲೇ ನೀವು ಅಡ್ವಾನ್ಸ್ ಕೊಟ್ಟುಬಿಟ್ಟೀರಿ ಅನ್ನುವ ಭಯಕ್ಕೆ ಉತ್ತರವನ್ನು ಮೊದಲ ಸಾಲಿನಲ್ಲೇ ಬರೆದಿದ್ದೇನೆ.

ಆದರೆ ಸುಮ್ನೆ ಬೇಡ ಅಂದರೆ ಆಸೆ ಹೋಗುವುದಿಲ್ಲ ಅಲ್ವಾ. ಆ ಆಸೆ ನನಗೆ ಚೆನ್ನಾಗಿ ಗೊತ್ತು. ಗುಂಡಿ ಒತ್ತಿದ ಮರುಗಳಿಗೆ ಕಾರನ್ನು ಹಿಂದಿನಿಂದ ಯಾರೋ ಜೋರಾಗಿ ನೂಕಿದ ಹಾಗಾಗುತ್ತದೆ. ಇಂಜಿನ್ನಿನ ದನಿಯೇ ಬೇರೆಯಾಗುತ್ತದೆ. ಟರ್ಬೊದಲ್ಲಿ ಇರುವ ಹಾಗೆ ಒಂದು ಕ್ಷಣ ಕಾಯುವುದೂ ಇಲ್ಲ. ಇಪ್ಪತ್ತೆರಡು ವರ್ಷದಿಂದ ಇಂಜಿನ್ ಬಿಚ್ಚಿ ಕಟ್ಟುವುದೇ ನನ್ನ ಕೆಲಸ. ನನ್ನ ಸ್ವಂತ ಕಾರಿಗೂ ಒಂದು ಕಾಲದಲ್ಲಿ ಬಾಟಲಿ ಹಾಕಿದ್ದೆ. ಅದರ ಕಥೆ ಹೇಳುತ್ತೇನೆ. ಅದಕ್ಕೂ ಮೊದಲು ಆ ಬಾಟಲಿ ಏನು ಮಾಡುತ್ತದೆ ಅಂತ ಸರಿಯಾಗಿ ತಿಳಿದುಕೊಳ್ಳೋಣ. ನಿಮ್ಮ ಗೆಳೆಯನ ಲೆಕ್ಕ ತಪ್ಪಿರುವುದು ಅಲ್ಲೇ.

ನೈಟ್ರಸ್ ಆಕ್ಸೈಡ್ ಪೆಟ್ರೋಲಿನ ಹಾಗೆ ಉರಿಯುವ ವಸ್ತು ಅಲ್ಲ. ಅದು ಆಮ್ಲಜನಕವನ್ನು ಹೊತ್ತು ತರುತ್ತದೆ. ನಾವು ಉಸಿರಾಡುವ ಗಾಳಿಯ ತೂಕದಲ್ಲಿ ಆಮ್ಲಜನಕ ಸುಮಾರು ಶೇಕಡ 23. ನೈಟ್ರಸ್‌ನಲ್ಲಿ ಶೇಕಡ 36. ಇಂಜಿನ್ನಿನೊಳಗಿನ ಬಿಸಿಗೆ ನೈಟ್ರಸ್ ಒಡೆದು ಆ ಆಮ್ಲಜನಕ ಬಿಡುಗಡೆಯಾಗುತ್ತದೆ. ಒಡೆಯುವಾಗ ಸ್ವಲ್ಪ ಶಾಖವೂ ಬರುತ್ತದೆ. ಇನ್ನೊಂದು ಲಾಭ ತಂಪಿನದು. ಬಾಟಲಿಯಲ್ಲಿ ಒತ್ತಡಕ್ಕೆ ದ್ರವವಾಗಿ ಇರುವ ನೈಟ್ರಸ್, ಹೊರಗೆ ಬಂದ ಕೂಡಲೇ ಕುದಿದು ಗ್ಯಾಸ್ ಆಗುತ್ತದೆ. ಅದರ ಕುದಿಯುವ ಬಿಂದು ಸೊನ್ನೆಗಿಂತ 88 ಡಿಗ್ರಿ ಕೆಳಗೆ. ಹಾಗಾಗಿ ಒಳಗೆ ಹೋಗುವ ಗಾಳಿ ತಣ್ಣಗಾಗುತ್ತದೆ. ತಣ್ಣನೆಯ ಗಾಳಿ ಒತ್ತಾಗಿರುತ್ತದೆ, ಅದೇ ಜಾಗದಲ್ಲಿ ಜಾಸ್ತಿ ಹಿಡಿಸುತ್ತದೆ.

ಆದರೆ ಎಚ್‌ಪಿ ಬರುವುದು ಬಹುಪಾಲು ಪೆಟ್ರೋಲಿನಿಂದಲೇ. ಒಲೆಗೆ ಊದುಕೊಳವೆಯಲ್ಲಿ ಊದಿದರೆ ಉರಿ ಏಳುತ್ತದೆ, ಉರಿಯುವುದು ಮಾತ್ರ ಸೌದೆ. ಜಾಸ್ತಿ ಆಮ್ಲಜನಕ ಕೊಟ್ಟಾಗ ಅದಕ್ಕೆ ತಕ್ಕಷ್ಟು ಪೆಟ್ರೋಲೂ ಅದೇ ಗಳಿಗೆಯಲ್ಲಿ ಹೋಗಬೇಕು. ಹಾಗಾಗಿ ನಾನು ಯಾರಿಗಾದರೂ ಮೊದಲು ಕೇಳುವುದು ಎರಡೇ ಪ್ರಶ್ನೆ. ಆ ಹೆಚ್ಚಿನ ಪೆಟ್ರೋಲನ್ನು ನಿಮ್ಮ ಕಾರು ಪ್ರತಿ ಸಲವೂ ತಪ್ಪದೆ ಕೊಡುತ್ತದೆಯೇ? ಕೊಡದೇ ಹೋದ ದಿನ, ಅದನ್ನು ಕಂಡುಹಿಡಿದು ಬಾಟಲಿಯನ್ನು ನಿಲ್ಲಿಸುವವರು ಯಾರು?

ವೆಲ್ಡಿಂಗ್ ಕೆಲಸದವರು ಗ್ಯಾಸ್ ಕಟಿಂಗ್ ಮಾಡುವುದನ್ನು ನೋಡಿದ್ದೀರಾ? ಮೊದಲು ಉರಿಯಿಂದ ಕಬ್ಬಿಣವನ್ನು ಕೆಂಪಗೆ ಕಾಯಿಸುತ್ತಾರೆ. ಆಮೇಲೆ ಹಿಡಿ ಒತ್ತಿ ಬರೀ ಆಮ್ಲಜನಕವನ್ನು ಬಿಡುತ್ತಾರೆ. ಆಗ ಕಬ್ಬಿಣವೇ ಉರಿದು ಸೀಳುತ್ತಾ ಹೋಗುತ್ತದೆ. ಪೆಟ್ರೋಲ್ ಸಾಲದೆ ನೈಟ್ರಸ್ ಮಾತ್ರ ನುಗ್ಗಿದಾಗ, ಸಿಲಿಂಡರಿನೊಳಗೆ ಮೇಲೆ ಕೆಳಗೆ ಓಡುವ ಅಲ್ಯೂಮಿನಿಯಂ ಪಿಸ್ಟನ್ನಿಗೆ ಆಗುವ ಗತಿಯೂ ಅದಕ್ಕೆ ಹತ್ತಿರವೇ. ಉರಿಯ ಬಿಸಿ ಎರಡು ಸಾವಿರ ಡಿಗ್ರಿ ದಾಟಿರುತ್ತದೆ. ಅಲ್ಯೂಮಿನಿಯಂ ಕರಗಲು 660 ಡಿಗ್ರಿ ಸಾಕು. ದಿನವೂ ಪಿಸ್ಟನ್ ಉಳಿಯುತ್ತಿರುವುದು ಅದರ ಮೈಗೆ ಅಂಟಿಕೊಂಡ ತೆಳುವಾದ ಗ್ಯಾಸಿನ ಪದರದಿಂದ, ಮತ್ತು ಪಿಸ್ಟನ್ ಸುತ್ತಲಿನ ರಿಂಗುಗಳು ಬಿಸಿಯನ್ನು ಸಿಲಿಂಡರಿನ ಗೋಡೆಗೆ ದಾಟಿಸುವುದರಿಂದ. ನಾಕಿಂಗ್, ಅಂದರೆ ಪೆಟ್ರೋಲ್ ಸಮನಾಗಿ ಉರಿಯದೆ ಒಮ್ಮೆಲೇ ಸಿಡಿಯುವುದು, ಶುರುವಾದರೆ ಆ ಪದರ ಹರಿದುಹೋಗುತ್ತದೆ.

ಈಗ ನನ್ನ ಕಥೆ. ನನ್ನದೂ 1.6 ಲೀಟರ್ ಇಂಜಿನ್ನೇ. 50 ಎಚ್‌ಪಿ ಶಾಟ್, ನೈಟ್ರಸ್ ಜೊತೆಗೇ ಪೆಟ್ರೋಲನ್ನೂ ಸಿಂಪಡಿಸುವ ವೆಟ್ ಕಿಟ್. ಮುಚ್ಚಿದ ಟ್ರ್ಯಾಕಿನಲ್ಲಿ ಆರು ಸಲ ಒತ್ತಿದ್ದೆ, ಆರೂ ಸಲ ಚೆನ್ನಾಗಿ ಹೋಯಿತು. ಏಳನೆಯ ಸಲ ಮೂರನೇ ಗೇರಿನಲ್ಲಿ ಒತ್ತಿದೆ. ನಾಲ್ಕು ಸೆಕೆಂಡ್ ಆಗಿರಬೇಕು. ಟಪ್ ಅಂತ ಒಂದು ಸಣ್ಣ ಸದ್ದು. ಜೋರಾದ ಸದ್ದೇನೂ ಅಲ್ಲ, ಕಾರಿನೊಳಗೆ ಪೆನ್ನು ಬಿದ್ದಷ್ಟೇ. ಕನ್ನಡಿಯಲ್ಲಿ ನೋಡಿದರೆ ಹಿಂದೆ ನೀಲಿ ಹೊಗೆ. ಇಂಜಿನ್ ಬಿಚ್ಚಿದಾಗ ಮೂರನೇ ಸಿಲಿಂಡರಿನ ಪಿಸ್ಟನ್ನಿನಲ್ಲಿ ಎರಡು ರಿಂಗುಗಳ ನಡುವಿನ ಏಣು ಮುರಿದು, ಸಿಲಿಂಡರ್ ಗೋಡೆಯನ್ನು ಮೇಲಿಂದ ಕೆಳಗೆ ಗೀರಿತ್ತು. ಸ್ಪಾರ್ಕ್ ಪ್ಲಗ್ಗಿನ ಕೊಕ್ಕೆ ಅರ್ಧ ಕರಗಿತ್ತು.

ಕಾರಣ ಹುಡುಕಲು ಎರಡು ದಿನ ಹಿಡಿಯಿತು. ಕಿಟ್‌ನಲ್ಲಿ ಯಾವ ದೋಷವೂ ಇರಲಿಲ್ಲ. ಪೆಟ್ರೋಲ್ ಫಿಲ್ಟರ್ ಅರ್ಧ ಕಟ್ಟಿಕೊಂಡಿತ್ತು. ದಿನದ ಓಡಾಟಕ್ಕೆ ಆ ಅರ್ಧ ಸಾಕಾಗುತ್ತಿತ್ತು, ಹಾಗಾಗಿ ಯಾವತ್ತೂ ಗೊತ್ತಾಗಿರಲಿಲ್ಲ. ನೈಟ್ರಸ್ ಜೊತೆ ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಪೆಟ್ರೋಲಿನ ಒತ್ತಡ ಇಳಿದುಹೋಯಿತು. ಪೆಟ್ರೋಲ್ ಒತ್ತಡ ಇಳಿದ ಕೂಡಲೇ ನೈಟ್ರಸ್ ನಿಲ್ಲಿಸುವ ಒಂದು ಪುಟ್ಟ ಸ್ವಿಚ್ ಬರುತ್ತದೆ. ಕಿಟ್ ಹಾಕಿಕೊಟ್ಟವರು "ಅದೇನೂ ಬೇಕಾಗಿಲ್ಲ" ಅಂದಿದ್ದರು, ನಾನೂ ಒಪ್ಪಿದ್ದೆ. ಇಂಜಿನ್ ಕೆಲಸ ಬಲ್ಲ ನಾನು ಒಪ್ಪಬಾರದಿತ್ತು. ಆ ಪಿಸ್ಟನ್ ಈಗಲೂ ನನ್ನ ಕೆಲಸದ ಜಾಗದ ಕಪಾಟಿನಲ್ಲಿದೆ. ನೈಟ್ರಸ್ ಹಾಕಿಸಬೇಕು ಅಂತ ಬಂದವರ ಕೈಗೆ ಮೊದಲು ಅದನ್ನು ಕೊಡುತ್ತೇನೆ. ಮುರಿದ ಅಂಚನ್ನು ಬೆರಳಿನಿಂದ ಸವರಿ ನೋಡಲು ಹೇಳುತ್ತೇನೆ.

ಈಗ ನಿಮ್ಮ ಕಾರಿಗೆ ಬರೋಣ. "ಅರ್ಧ ಲೀಟರ್ ಆಯಿಲ್, ಅಷ್ಟೆ" ಅಂದಿದ್ದೀರಿ. ದಿನದ ಓಡಾಟಕ್ಕೆ ಅದು ದೊಡ್ಡ ವಿಷಯ ಅಲ್ಲ, ಒಂಬತ್ತು ವರ್ಷದ ಇಂಜಿನ್ನಿಗೆ ಅಷ್ಟು ಇರಬಹುದು. ನೈಟ್ರಸ್‌ಗೆ ಮಾತ್ರ ಅದೇ ದೊಡ್ಡ ವಿಷಯ. ಆ ಆಯಿಲ್ ಎಲ್ಲಿಗೆ ಹೋಗುತ್ತಿದೆ? ಹೊರಗೆ ಸೋರದಿದ್ದರೆ ಸಿಲಿಂಡರಿನೊಳಗೆ ಉರಿಯುತ್ತಿದೆ. ಆಯಿಲ್ ಬೆರೆತ ಪೆಟ್ರೋಲಿನ ಆಕ್ಟೇನ್ ಇಳಿಯುತ್ತದೆ, ಅಂದರೆ ಬೇಗ ನಾಕ್ ಆಗುತ್ತದೆ. ಜೊತೆಗೆ ಪಿಸ್ಟನ್ ತಲೆಯ ಮೇಲೆ ಮಸಿ ಗಟ್ಟಿಯಾಗಿ ಕೂರುತ್ತದೆ. ಆ ಮಸಿ ಕೆಂಡವಾಗಿ ಸ್ಪಾರ್ಕ್ ಬರುವ ಮೊದಲೇ ಬೆಂಕಿ ಹಚ್ಚಬಲ್ಲದು. ರಿಂಗುಗಳ ವಿಷಯ ಬೇರೆಯೇ ಇದೆ. ರಿಂಗಿನ ಎರಡು ತುದಿಗಳ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಬಿಸಿಗೆ ರಿಂಗ್ ಹಿಗ್ಗಿದಾಗ ಆ ಸಂದು ಬಹುಮಟ್ಟಿಗೆ ತುಂಬಬೇಕು, ಆದರೆ ತುದಿಗಳು ಒಂದಕ್ಕೊಂದು ತಾಗಬಾರದು. ಕಾರ್ಖಾನೆಯವರು ಆ ಸಂದನ್ನು ಲೆಕ್ಕ ಹಾಕಿದ್ದು 120 ಎಚ್‌ಪಿಯ ಬಿಸಿಗೆ. ನೈಟ್ರಸ್‌ಗಾಗಿಯೇ ಇಂಜಿನ್ ಕಟ್ಟುವವರು ಅದನ್ನು ದೊಡ್ಡದಾಗಿ ಇಡುತ್ತಾರೆ. ತುದಿಗಳು ತಾಗಿದರೆ ರಿಂಗ್ ಗೋಡೆಗೆ ಕಚ್ಚಿಕೊಂಡು ಪಿಸ್ಟನ್ನಿನ ಏಣನ್ನೇ ಕಿತ್ತುಕೊಂಡು ಬರುತ್ತದೆ.

75 ಅನ್ನುವ ಸಂಖ್ಯೆ ಯಾಕೆ ಬೇಡ ಅಂತ ಹೇಳುತ್ತೇನೆ. ನೈಟ್ರಸ್ ಹರಿಯುವುದು ಸೆಕೆಂಡಿನ ಲೆಕ್ಕದಲ್ಲಿ. ಅದು ಹೊರಬರುವ ತೂತಿನ ಪುಟ್ಟ ತುಂಡಿಗೆ ಜೆಟ್ ಅನ್ನುತ್ತಾರೆ; ಆ ತೂತು ಎಷ್ಟು ದೊಡ್ಡದೋ ಅಷ್ಟು. ಇಂಜಿನ್ ನಿಧಾನವಾಗಿ ತಿರುಗುತ್ತಿದೆಯೋ ಜೋರಾಗಿಯೋ ಅದಕ್ಕೆ ಗೊತ್ತಿಲ್ಲ. 6000 ಆರ್‌ಪಿಎಂನಲ್ಲಿ 75 ಎಚ್‌ಪಿ ಎಂದರೆ ಸುಮಾರು 89 ನ್ಯೂಟನ್ ಮೀಟರ್ ಹೆಚ್ಚಿನ ಟಾರ್ಕ್, ಅಂದರೆ ತಿರುಗಿಸುವ ಬಲ. ಅದೇ 75 ಎಚ್‌ಪಿಯನ್ನು 2500ರಲ್ಲಿ ಬಿಟ್ಟರೆ ಸುಮಾರು 213 ನ್ಯೂಟನ್ ಮೀಟರ್. ಟರ್ಬೊ ಇಲ್ಲದ 1.6 ಲೀಟರ್ ಇಂಜಿನ್ ತನ್ನ ಅತಿ ಹೆಚ್ಚಿನ ಶಕ್ತಿಯಲ್ಲಿ ಕೊಡುವುದೇ 150ರ ಆಸುಪಾಸು. ಪಿಸ್ಟನ್ನಿನ ಬಲವನ್ನು ಕೆಳಗೆ ದಾಟಿಸುವ ಕನೆಕ್ಟಿಂಗ್ ರಾಡ್‌ಗಳ ಮೇಲೆ ಒಂದೇ ಏಟಿಗೆ ದುಪ್ಪಟ್ಟಿಗಿಂತ ಜಾಸ್ತಿ ಭಾರ. ರಾಡ್ ಬಾಗಿದ ಕಾರುಗಳ ಮಾಲೀಕರನ್ನು ಕೇಳಿದರೆ ಹೆಚ್ಚಿನವರು ಹೇಳುವುದು ಒಂದೇ: ಎತ್ತರದ ಗೇರಿನಲ್ಲಿ ನಿಧಾನವಾಗಿ ಹೋಗುತ್ತಿದ್ದಾಗ ಒತ್ತಿದೆ. ಗುಂಡಿಯನ್ನು ಕೈಗೆ ಕೊಟ್ಟರೆ ಒಂದಲ್ಲ ಒಂದು ದಿನ ಯಾರಾದರೂ ಹಾಗೆ ಒತ್ತಿಯೇ ಒತ್ತುತ್ತಾರೆ. ಅದಕ್ಕೇ ಆರ್‌ಪಿಎಂ ನೋಡಿ ತಾನೇ ಬಾಗಿಲು ತೆಗೆದು ಮುಚ್ಚುವ ವಿಂಡೋ ಸ್ವಿಚ್ ಬಂದಿರುವುದು. 3000ಕ್ಕಿಂತ ಕೆಳಗೆ ಬಿಡುವುದಿಲ್ಲ. ಮೇಲೆ, ಇಂಜಿನ್ ಅತಿಯಾಗಿ ತಿರುಗದಂತೆ ತಡೆಯುವ ರೆವ್ ಲಿಮಿಟರ್ ಬರುವುದಕ್ಕೆ ಸಾಕಷ್ಟು ಮೊದಲೇ ನಿಲ್ಲಿಸುತ್ತದೆ. ಲಿಮಿಟರ್ ಪೆಟ್ರೋಲ್ ನಿಲ್ಲಿಸಿದ್ದು ಬಾಟಲಿಗೆ ತಿಳಿಯುವುದಿಲ್ಲವಲ್ಲ.

ಬಾಟಲಿಯ ಒತ್ತಡದ ಬಗ್ಗೆ ನಿಮ್ಮ ಗೆಳೆಯ ಏನೂ ಹೇಳಿಲ್ಲ ಅನಿಸುತ್ತದೆ. ನಾನು ಕಂಡ ಹಾಗೆ ಹೊಸಬರು ಎಡವುವುದು ಇಲ್ಲೇ ಜಾಸ್ತಿ. ಬಾಟಲಿಯೊಳಗಿನ ಒತ್ತಡ ನಿಂತಿರುವುದು ಅದರ ಬಿಸಿಯ ಮೇಲೆ. 10 ಡಿಗ್ರಿಯಲ್ಲಿ ಸುಮಾರು 40 ಬಾರ್. 20ರಲ್ಲಿ 50. 30ರಲ್ಲಿ 63, ಅಂದರೆ ಒತ್ತಡದ ಇನ್ನೊಂದು ಅಳತೆಯಾದ ಪಿಎಸ್‌ಐನಲ್ಲಿ 900ಕ್ಕಿಂತ ಸ್ವಲ್ಪ ಜಾಸ್ತಿ. ಸಾಮಾನ್ಯವಾಗಿ ಕಿಟ್ಟಿನ ಜೆಟ್‌ಗಳನ್ನು ಲೆಕ್ಕ ಮಾಡಿರುವುದು 900ರಿಂದ 950 ಪಿಎಸ್‌ಐಗೆ. ಬೆಳಗಿನ ಚಳಿಯಲ್ಲಿ ಒತ್ತಿದರೆ ನೈಟ್ರಸ್ ಕಡಿಮೆ ಬರುತ್ತದೆ, ಪೆಟ್ರೋಲ್ ಜಾಸ್ತಿಯಾಗಿ ಕಾರು ಮಂಕಾಗಿ ಹೋಗುತ್ತದೆ. ಅದರಿಂದ ಇಂಜಿನ್ನಿಗೆ ಅಪಾಯ ಕಡಿಮೆ. ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರಿನಲ್ಲಿ ಒತ್ತಿದರೆ ಉಲ್ಟಾ. ನೈಟ್ರಸ್ ಜಾಸ್ತಿ ನುಗ್ಗುತ್ತದೆ, ಪೆಟ್ರೋಲ್ ಅಷ್ಟೇ ಇರುತ್ತದೆ. ನಿನ್ನೆ ಚೆನ್ನಾಗಿ ಓಡಿದ ಅದೇ ಜೆಟ್ ಇವತ್ತು ಪಿಸ್ಟನ್ ತಿನ್ನುತ್ತದೆ. ಬಾಟಲಿಗೆ ಒತ್ತಡದ ಮೀಟರ್ ಇಲ್ಲದೆ, ಅದನ್ನು ಪ್ರತಿ ಸಲ ನೋಡುವ ಅಭ್ಯಾಸ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

"ಆಫ್ ಮಾಡಿದರೆ ಮೊದಲಿನ ಹಾಗೇ" ಅನ್ನುವುದು ಅರ್ಧ ನಿಜ. ಗ್ಯಾಸ್ ಹರಿಯದಿದ್ದಾಗ ಇಂಜಿನ್ನಿನ ಮೇಲೆ ಹೆಚ್ಚಿನ ಭಾರ ಇಲ್ಲ, ಅದು ಸರಿ. ಹರಿದ ಸೆಕೆಂಡುಗಳಲ್ಲಿ ಆದ ಸವಕಳಿ ಆಫ್ ಮಾಡಿದ ಮೇಲೆ ವಾಪಸ್ ಬರುವುದಿಲ್ಲ. ಅಗ್ಗ ಅನ್ನುವುದೂ ಹಾಗೆಯೇ. 75 ಎಚ್‌ಪಿಗೆ ಸೆಕೆಂಡಿಗೆ ಸುಮಾರು 30 ಗ್ರಾಂ ನೈಟ್ರಸ್ ಬೇಕು. 4.5 ಕಿಲೋದ ಬಾಟಲಿ ಎರಡೂವರೆ ನಿಮಿಷಕ್ಕೆ ಖಾಲಿ. ಕೊನೆಯ ಭಾಗದಲ್ಲಿ ಒತ್ತಡ ಇಳಿಯುವುದರಿಂದ ಅಷ್ಟೂ ಕೆಲಸಕ್ಕೆ ಬರುವುದಿಲ್ಲ. ಪ್ರತಿ ಸಲ ತುಂಬಿಸುವ ಖರ್ಚನ್ನು ವರ್ಷದ ಲೆಕ್ಕದಲ್ಲಿ ಕೂಡಿಸಿ ನೋಡಿ.

ಇನ್ನು ಹೆಂಡತಿ, ಮಗಳ ಮಾತು. ನನ್ನ ಉತ್ತರ ಬೇಡ ಆಗಿರುವುದಕ್ಕೆ ಆಯಿಲ್‌ಗಿಂತ ದೊಡ್ಡ ಕಾರಣ ಇದೇ. ಇಂಜಿನ್ ಕೈಕೊಟ್ಟ ದಿನ ಸ್ಟೀರಿಂಗ್ ಹಿಡಿದಿರುವುದು ನೀವೇ ಅಂತ ಹೇಗೆ ಹೇಳುತ್ತೀರಿ? ನೀವು ಶನಿವಾರ ಒತ್ತಿ ಸಡಿಲ ಮಾಡಿದ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ ಸೋರದಂತೆ ತಡೆಯುವ ಹಾಳೆ), ಮಂಗಳವಾರ ಬೆಳಿಗ್ಗೆ ಅವರು ಹೋಗುವಾಗ ಬಿಟ್ಟುಕೊಳ್ಳಬಹುದು. ನೈಟ್ರಸ್ ಹಾಕುವ ಕಾರು, ನಾಳೆ ಕೆಟ್ಟು ನಿಂತರೂ ಮನೆಯವರ ಕೆಲಸ ನಿಲ್ಲದಂಥ ಕಾರಾಗಿರಬೇಕು.

ಹಾಗಾದರೆ ಯಾವಾಗ ಹೂಂ ಅನ್ನುತ್ತೇನೆ? ನಿಮ್ಮ ಹತ್ತಿರ ಇನ್ನೊಂದು ಕಾರು ಇದ್ದು, ಇದನ್ನು ಹವ್ಯಾಸಕ್ಕೇ ಇಟ್ಟುಕೊಂಡರೆ ಮೊದಲು ಸಿಲಿಂಡರುಗಳ ಒತ್ತಡ ಅಳೆಯುವ ಕಂಪ್ರೆಷನ್ ಟೆಸ್ಟ್ ಮಾಡಿಸಿ, ಆಮೇಲೆ ಅವು ಎಲ್ಲಿ ಸೋರುತ್ತಿವೆ ಅಂತ ನೋಡುವ ಲೀಕ್‌ಡೌನ್ ಟೆಸ್ಟ್. ನಾಲ್ಕೂ ಸಿಲಿಂಡರ್ ಹೆಚ್ಚು ಕಡಿಮೆ ಒಂದೇ ಸಮ ಇರಬೇಕು, ಆಯಿಲ್ ಎಲ್ಲಿ ಹೋಗುತ್ತಿದೆ ಅಂತ ಗೊತ್ತಾಗಬೇಕು. ಅಲ್ಲಿ ಸೋತರೆ ಮಾತು ಅಲ್ಲಿಗೇ ಮುಗಿಯಿತು. ಗೆದ್ದರೆ ವೆಟ್ ಕಿಟ್, 35 ಎಚ್‌ಪಿಯ ಜೆಟ್‌ನಿಂದ ಶುರು. 50ಕ್ಕಿಂತ ಮೇಲೆ ಈ ಇಂಜಿನ್ನಿಗೆ ನಾನು ಹೋಗುವುದಿಲ್ಲ. ಹೊಸ ಪೆಟ್ರೋಲ್ ಫಿಲ್ಟರ್, ಪಂಪಿನ ಹರಿವನ್ನು ಅಳೆದು ನೋಡಿದ ಲೆಕ್ಕ, ನಾನು ಬೇಡ ಅಂದು ಕೆಟ್ಟ ಆ ಒತ್ತಡದ ಸ್ವಿಚ್, ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ ಬಿಡುವ ಸ್ವಿಚ್, ವಿಂಡೋ ಸ್ವಿಚ್. ಒಂದು ಹಂತ ಕೋಲ್ಡ್ ಆದ, ಅಂದರೆ ಬಿಸಿಯನ್ನು ಬೇಗ ಬಿಟ್ಟುಕೊಡುವ ಪ್ಲಗ್, ಸಂದು 0.9 ಮಿಲಿಮೀಟರ್ ಸುತ್ತ. ನೈಟ್ರಸ್ ಹರಿಯುವಾಗ ಸ್ಪಾರ್ಕ್ ಟೈಮಿಂಗ್ ಹಿಂದಕ್ಕೆ, ಅಂದರೆ ಸ್ಪಾರ್ಕ್ ಸ್ವಲ್ಪ ತಡವಾಗಿ, 50 ಎಚ್‌ಪಿಗೆ ಸುಮಾರು 2 ಡಿಗ್ರಿ. ಸಿಗುವುದರಲ್ಲಿ ಹೆಚ್ಚಿನ ಆಕ್ಟೇನ್ ಪೆಟ್ರೋಲ್. ಇದೆಲ್ಲ ಆದ ಮೇಲೆ ರಸ್ತೆಗೆ ಇಳಿಸುವುದಲ್ಲ, ಕಾರಿನ ಶಕ್ತಿ ಅಳೆಯುವ ಯಂತ್ರವಾದ ಡೈನೊ ಮೇಲೆ ಹತ್ತಿಸಿ ಗಾಳಿ-ಪೆಟ್ರೋಲ್ ಮೀಟರ್ ನೋಡುತ್ತಾ ಮೊದಲ ಸಲ ಒತ್ತುವುದು. ಅದು 11.5ರಿಂದ 12ರ ಒಳಗೆ ಇರಬೇಕು, ಅಂದರೆ ಒಂದು ಪಾಲು ಪೆಟ್ರೋಲಿಗೆ ತೂಕದಲ್ಲಿ ಅಷ್ಟು ಪಾಲು ಗಾಳಿ. ಇದರಲ್ಲಿ ಒಂದನ್ನಾದರೂ "ಆಮೇಲೆ ಹಾಕಿಸೋಣ" ಅಂದರೆ ಬಾಟಲಿಯನ್ನೂ ಆಮೇಲೆಯೇ ತನ್ನಿ.

ಒತ್ತುವುದೂ ಮುಚ್ಚಿದ ಟ್ರ್ಯಾಕಿನಲ್ಲಿ ಮಾತ್ರ. ಸಾರ್ವಜನಿಕ ರಸ್ತೆಯಲ್ಲಿ ಮುಂದಿನ ಚಕ್ರಗಳಿಗೆ ಏಕಾಏಕಿ ಅಷ್ಟು ಟಾರ್ಕ್ ಸಿಕ್ಕಿ, ಹಿಡಿತ ತಪ್ಪಿದರೆ, ಎದುರಿಗೆ ಬರುವವರು ನಿಮ್ಮ ಹವ್ಯಾಸಕ್ಕೆ ಒಪ್ಪಿಗೆ ಕೊಟ್ಟವರಲ್ಲ. ಕಾನೂನು ಒಂದೊಂದು ಕಡೆ ಒಂದೊಂದು ಥರ ಇದೆ. ಕೆಲವು ಕಡೆ ಹಾಕಿಸುವುದೇ ತಪ್ಪು, ಕೆಲವು ಕಡೆ ರಸ್ತೆಯಲ್ಲಿ ಬಾಟಲಿಯ ಪೈಪ್ ಬಿಚ್ಚಿರಬೇಕು. ನಿಮ್ಮಲ್ಲಿ ಏನು ಅಂತ ಮೊದಲೇ ಕೇಳಿ. ವಿಮೆಯವರಿಗೂ ತಿಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ.

ಸದ್ಯಕ್ಕೆ ನಿಮಗೆ ಬೇಕಿರುವುದು ಆ ಖುಷಿ ತಾನೇ? ಒಳ್ಳೆಯ ಟೈರ್, ಹೊಸ ಬ್ರೇಕ್ ಪ್ಯಾಡ್ ಹಾಕಿಸಿ ಒಂದು ದಿನ ಟ್ರ್ಯಾಕಿಗೆ ಹೋಗಿ. 120 ಎಚ್‌ಪಿಯನ್ನು ಪೂರ್ತಿ ಬಳಸಿ ನೋಡಿ. ರಸ್ತೆಯಲ್ಲಿ ಅದನ್ನು ಪೂರ್ತಿ ಬಳಸುವ ಅವಕಾಶವೇ ನಿಮಗೆ ಸಿಕ್ಕಿರುವುದಿಲ್ಲ.

ಪ್ರಶ್ನೆ: ಡ್ರೈ ಕಿಟ್, ವೆಟ್ ಕಿಟ್ ಅಂತ ಎರಡು ಹೇಳುತ್ತಾರೆ. ಯಾವುದು ಒಳ್ಳೆಯದು?

ಉತ್ತರ: ಡ್ರೈ ಕಿಟ್‌ನಲ್ಲಿ ನಾಜಲ್‌ನಿಂದ ನೈಟ್ರಸ್ ಒಂದೇ ಬರುತ್ತದೆ. ಹೆಚ್ಚಿನ ಪೆಟ್ರೋಲನ್ನು ಕಾರಿನ ಇಂಜೆಕ್ಟರ್‌ಗಳೇ ಕೊಡಬೇಕು, ಅದಕ್ಕೆ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುವನ್ನು ಸರಿಯಾಗಿ ಟ್ಯೂನ್ ಮಾಡಿರಬೇಕು. ವೆಟ್ ಕಿಟ್‌ನಲ್ಲಿ ಎರಡೂ ಒಂದೇ ನಾಜಲ್‌ನಿಂದ ಬೆರೆತು ಬರುತ್ತವೆ. ಇಂಜೆಕ್ಟರ್ ಚಿಕ್ಕದಿದ್ದರೆ ವೆಟ್ ವಾಸಿ. ಆದರೆ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಮ್ಯಾನಿಫೋಲ್ಡ್‌ಗಳು ಈಗ ಪ್ಲಾಸ್ಟಿಕ್ಕಿನವು, ಮಾಡಿರುವುದು ಬರೀ ಗಾಳಿ ಹೋಗುವುದಕ್ಕೆ. ಕಡಿಮೆ ಆರ್‌ಪಿಎಂನಲ್ಲಿ ಒತ್ತಿದರೆ ಪೆಟ್ರೋಲ್ ಒಳಗೆ ಹನಿಗಟ್ಟಿ ನಿಲ್ಲುತ್ತದೆ. ಒಂದು ಬ್ಯಾಕ್‌ಫೈರ್ ಆಗಿ ಬೆಂಕಿ ಹಿಂದಕ್ಕೆ ನುಗ್ಗಿದರೆ ಮ್ಯಾನಿಫೋಲ್ಡೇ ಸಿಡಿಯಬಹುದು. ಒಂದೊಂದು ಸಿಲಿಂಡರಿಗೂ ಒಂದೊಂದು ನಾಜಲ್ ಇಡುವ ಡೈರೆಕ್ಟ್ ಪೋರ್ಟ್ ರೇಸಿನವರಿಗೆ, ದೊಡ್ಡ ಶಾಟ್‌ಗಳಿಗೆ.

ಪ್ರಶ್ನೆ: ಮಗನ ಕಾರಿನ ಡಿಕ್ಕಿಯಲ್ಲಿ ಒಂದು ನೀಲಿ ಬಾಟಲಿ ಕಂಡೆ. ಕೇಳಿದರೆ ನೈಟ್ರಸ್ ಅಂತೆ. ಕಾರು ದಿನವಿಡೀ ಬಿಸಿಲಲ್ಲಿ ನಿಂತಿರುತ್ತದೆ. ಹಿಂದಿನ ಸೀಟಿನಲ್ಲಿ ಮೊಮ್ಮಗು ಕೂರುತ್ತದೆ. ಸಿಡಿಯುತ್ತದಾ? ನನಗೆ ನಿದ್ದೆ ಬರುತ್ತಿಲ್ಲ.
– ಒಬ್ಬ ತಾಯಿ

ಉತ್ತರ: ಅಮ್ಮಾ, ನಿಮ್ಮ ಭಯ ಸುಳ್ಳಲ್ಲ. ಆದರೆ ಇದಕ್ಕೆ ಮಾಡಬೇಕಾದ ಕೆಲಸಗಳು ಸ್ಪಷ್ಟವಾಗಿವೆ, ಒಂದು ದಿನದಲ್ಲಿ ಮಾಡಿ ಮುಗಿಸಬಹುದು. ಮೊದಲು ಒಂದು ಮಾತು: ನೀವೇ ಬಾಟಲಿಯ ಮೂತಿ ತಿರುಗಿಸಿ ಖಾಲಿ ಮಾಡಲು ಹೋಗಬೇಡಿ. ಬರುವ ದ್ರವ ಕೈಗೆ ತಾಗಿದರೆ ಚರ್ಮ ಹೆಪ್ಪುಗಟ್ಟಿ ಸುಟ್ಟಂಥ ಗಾಯ ಆಗುತ್ತದೆ.

ನೈಟ್ರಸ್ 36.4 ಡಿಗ್ರಿ ದಾಟಿದರೆ ಬಾಟಲಿಯೊಳಗೆ ದ್ರವವಾಗಿ ಉಳಿಯುವುದಿಲ್ಲ. ಬಿಸಿಲಲ್ಲಿ ಮುಚ್ಚಿಟ್ಟ ಕಾರಿನ ಒಳಗೆ ಬಿಸಿ ಅದನ್ನು ಸುಲಭವಾಗಿ ದಾಟುತ್ತದೆ. ಅಲ್ಲಿಂದ ಮೇಲೆ ಒತ್ತಡ ಎಷ್ಟು ಏರುತ್ತದೆ ಅನ್ನುವುದು ಎಷ್ಟು ತುಂಬಿಸಿದ್ದಾರೆ ಅನ್ನುವುದರ ಮೇಲೆ ನಿಂತಿದೆ. ಅಳತೆಗಿಂತ ಜಾಸ್ತಿ ತುಂಬಿದ್ದರೆ ಬೇಗ ಏರುತ್ತದೆ. ಅದಕ್ಕೆಂದೇ ಬಾಟಲಿಯ ಮೂತಿಯಲ್ಲಿ ಒಂದು ತೆಳುವಾದ ಬಿಲ್ಲೆ ಇರುತ್ತದೆ, ಸಾಮಾನ್ಯವಾಗಿ 3000 ಪಿಎಸ್‌ಐ ಸುತ್ತಮುತ್ತ ಒಡೆಯುವಂಥದ್ದು. ಬಾಟಲಿ ಸಿಡಿಯುವ ಬದಲು ಆ ಬಿಲ್ಲೆ ಒಡೆದು ಗ್ಯಾಸ್ ಹೊರಗೆ ಹೋಗುತ್ತದೆ. ನನ್ನ ಚಿಂತೆ ಇರುವುದು ಆ ಗ್ಯಾಸ್ ಎಲ್ಲಿಗೆ ಹೋಗುತ್ತದೆ ಅನ್ನುವುದರಲ್ಲಿ. 4.5 ಕಿಲೋ ನೈಟ್ರಸ್ ಗ್ಯಾಸ್ ಆದರೆ ಸುಮಾರು 2,400 ಲೀಟರ್. ಸಣ್ಣ ಕಾರಿನೊಳಗಿನ ಜಾಗವೂ ಹೆಚ್ಚು ಕಡಿಮೆ ಅಷ್ಟೇ. ಡಿಕ್ಕಿಗೂ ಸೀಟಿಗೂ ನಡುವೆ ಗೋಡೆ ಇಲ್ಲದ ಕಾರಾದರೆ ಒಳಗಿದ್ದವರಿಗೆ ಉಸಿರಾಡಲು ಗಾಳಿ ಉಳಿಯುವುದಿಲ್ಲ.

ಮಗನಿಗೆ ಬೈಯದೆ, ಜೊತೆಯಲ್ಲಿ ನಿಂತು ಇಷ್ಟು ನೋಡಿ. ಬಿಲ್ಲೆಯಿಂದ ಒಂದು ಪೈಪ್ ಕಾರಿನ ತಳಕ್ಕೆ ಹೊರಗೆ ಹೋಗಿರಬೇಕು. ಬಾಟಲಿಯನ್ನು ಕಬ್ಬಿಣದ ಪಟ್ಟಿಯಿಂದ ಬೋಲ್ಟ್ ಹಾಕಿ ಬಿಗಿದಿರಬೇಕು, ಹಗ್ಗದಿಂದ ಅಲ್ಲ. ತೂಕ ಹಾಕಿ ನೋಡಿ. ಖಾಲಿ ತೂಕ ಬಾಟಲಿಯ ಮೇಲೇ ಬರೆದಿರುತ್ತದೆ, ತುಂಬಿದ್ದು ಹೇಳಿದ ಅಳತೆಗಿಂತ ಜಾಸ್ತಿ ಇರಬಾರದು. ಬಾಟಲಿಯ ಒತ್ತಡ ಪರೀಕ್ಷೆಯ ದಿನಾಂಕವನ್ನೂ ನೋಡಿ. ಮಗು ಕೂರುವ ದಿನ ಬಾಟಲಿಯನ್ನು ಬಿಚ್ಚಿ ನೆರಳಿನಲ್ಲಿ, ಗಾಳಿಯಾಡುವ ಜಾಗದಲ್ಲಿ ಇಡಬೇಕು. ಈ ಒಂದರಲ್ಲಿ ರಾಜಿ ಬೇಡ. ಒತ್ತಡ ಏರಿಸಲು ಬಾಟಲಿಗೆ ಬೆಂಕಿ ತೋರಿಸುವವರಿದ್ದಾರೆ. ಅವನು ಯಾವತ್ತಾದರೂ ಹಾಗೆ ಮಾಡಿದ್ದಾನಾ ಅಂತ ಕೇಳಿ. ಮಾಡಿದ್ದರೆ ಆ ಬಾಟಲಿಯನ್ನು ಮತ್ತೆ ತುಂಬಿಸಲೇಬಾರದು.

ಇನ್ನೊಂದನ್ನೂ ಮೆಲ್ಲಗೆ ಕೇಳಿ: ಗೆಳೆಯರು ಯಾರಾದರೂ ಇದನ್ನು ಮೂಸುತ್ತಾರಾ? ದಂತವೈದ್ಯರು ಕೊಡುವುದೂ ಇದೇ ಗ್ಯಾಸ್, ಆದರೆ ಅವರು ಆಮ್ಲಜನಕ ಬೆರೆಸಿ ಅಳತೆಯಲ್ಲಿ ಕೊಡುತ್ತಾರೆ. ಕಾರಿನ ನೈಟ್ರಸ್‌ಗೆ ಯಾರೂ ಮೂಸದಿರಲಿ ಅಂತ ಸಾಮಾನ್ಯವಾಗಿ ಸಲ್ಫರ್ ಡೈಆಕ್ಸೈಡ್ ಬೆರೆಸಿರುತ್ತಾರೆ. ಅದು ಮೂಗು, ಗಂಟಲು, ಶ್ವಾಸಕೋಶವನ್ನು ಉರಿಸುತ್ತದೆ. ನೈಟ್ರಸ್ ಮತ್ತೆ ಮತ್ತೆ ಒಳಗೆ ಹೋದರೆ ದೇಹದಲ್ಲಿರುವ ಬಿ12 ಕೆಲಸ ಮಾಡದೆ ನರಗಳು ಹಾಳಾಗುತ್ತವೆ. ಕೈಕಾಲು ಜೋಮು ಹಿಡಿಯುತ್ತದೆ ಅಂತ ಯಾರಾದರೂ ಹೇಳಿದರೆ ತಡಮಾಡದೆ ವೈದ್ಯರ ಹತ್ತಿರ ಕರೆದೊಯ್ಯಿರಿ.

ಪ್ರಶ್ನೆ: ನೈಟ್ರಸ್ ಮೊದಲು ವಿಮಾನಗಳಿಗೆ ಹಾಕುತ್ತಿದ್ದರು ಅಂತ ಕೇಳಿದೆ. ನಿಜವೇ?

ಉತ್ತರ: ನಿಜ. ಈ ಗ್ಯಾಸನ್ನು 1772ರಲ್ಲಿ ಮೊದಲು ತಯಾರಿಸಿದವರು ಜೋಸೆಫ್ ಪ್ರೀಸ್ಟ್ಲಿ. ಎರಡನೇ ಮಹಾಯುದ್ಧದಲ್ಲಿ ಜರ್ಮನಿಯವರು ಜಿಎಂ-1 ಎಂಬ ಹೆಸರಿನಲ್ಲಿ ಮೆಸರ್‌ಶ್ಮಿಟ್ 109ರ ಕೆಲವು ಮಾದರಿಗಳಿಗೆ ಇದನ್ನು ಹಾಕಿದರು. ಬ್ರಿಟನ್ನಿನ ಕೆಲವು ಮಸ್ಕಿಟೊ ವಿಮಾನಗಳಲ್ಲೂ ಇತ್ತು. ಹತ್ತು ಕಿಲೋಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ನೆಲದ ಮಟ್ಟದ ಮೂರನೇ ಒಂದು ಭಾಗ ಮಾತ್ರ. ಇಂಜಿನ್ ಉಸಿರುಗಟ್ಟುತ್ತದೆ. ಆ ಕೊರತೆಯನ್ನು ತುಂಬಲು ಅವರಿಗೆ ನೈಟ್ರಸ್ ಬೇಕಾಗಿತ್ತು. ಕಾರಿನಲ್ಲಿ ಗಾಳಿಯ ಕೊರತೆ ಇಲ್ಲ. ನಾವು ಹಾಕುವುದು ಪೂರ್ತಿ ಉಸಿರಾಡುತ್ತಿರುವ ಇಂಜಿನ್ನಿನ ಮೇಲೆ.

ಪ್ರಶ್ನೆ: ನಾನು ಆಗಲೇ 50ರ ಕಿಟ್ ಹಾಕಿಸಿಬಿಟ್ಟಿದ್ದೇನೆ. ನಾಲ್ಕು ಸಲ ಒತ್ತಿದೆ, ಚೆನ್ನಾಗಿದೆ. ಎಲ್ಲ ಸರಿ ಇದೆ ಅಂತ ಹೇಗೆ ತಿಳಿಯುವುದು?

ಉತ್ತರ: ಪ್ಲಗ್ ಬಿಚ್ಚಿ ನೋಡಿ. ಪೂರ್ತಿ ಜೋರಿನಲ್ಲಿ ನಾಕಿಂಗ್ ಆದರೆ ಕಿವಿಗೆ ಕೇಳುವುದಿಲ್ಲ. ಹೊಸ ಪ್ಲಗ್ ಹಾಕಿ, ಟ್ರ್ಯಾಕಿನಲ್ಲಿ ಒಂದು ಸಲ ಒತ್ತಿ. ನೈಟ್ರಸ್ ನಿಂತ ಕೂಡಲೇ ಕ್ಲಚ್ ಒತ್ತಿ ಇಂಜಿನ್ ಆರಿಸಿ, ಬ್ರೇಕ್ ಗಟ್ಟಿಯಾಗುತ್ತದೆ ಅನ್ನುವುದು ನೆನಪಿರಲಿ, ಸುರಕ್ಷಿತವಾಗಿ ನಿಲ್ಲಿಸಿ. ಸ್ಟೀರಿಂಗ್ ಬೀಗ ಬೀಳದಂತೆ ಕೀಲಿಯನ್ನು ಪೂರ್ತಿ ತಿರುಗಿಸಬೇಡಿ. ತಣ್ಣಗಾದ ಮೇಲೆ ನಾಲ್ಕೂ ಪ್ಲಗ್ಗುಗಳನ್ನು ಸಿಲಿಂಡರಿನ ಕ್ರಮದಲ್ಲೇ ಬಟ್ಟೆಯ ಮೇಲೆ ಸಾಲಾಗಿ ಇಡಿ. ಬಿಳಿ ಪಿಂಗಾಣಿಯನ್ನು ಭೂತಗನ್ನಡಿಯಲ್ಲಿ ನೋಡಿ. ಮೆಣಸಿನ ಪುಡಿ ಉದುರಿಸಿದ ಹಾಗೆ ಸಣ್ಣ ಕಪ್ಪು ಚುಕ್ಕೆಗಳಿದ್ದರೆ ನಾಕಿಂಗ್ ಶುರುವಾಗಿದೆ. ಬೆಳ್ಳಿಯ ಹಾಗೆ ಮಿನುಗುವ ಕಣಗಳಿದ್ದರೆ ಅದು ನಿಮ್ಮ ಪಿಸ್ಟನ್ನಿನ ಅಲ್ಯೂಮಿನಿಯಂ. ಕೊಕ್ಕೆಯ ಚೂಪು ಅಂಚು ದುಂಡಾಗಿದ್ದರೂ ಬಿಸಿ ಮಿತಿ ಮೀರಿದೆ. ನಾಲ್ಕರಲ್ಲಿ ಒಂದು ಪ್ಲಗ್ ಮಾತ್ರ ಬೇರೆ ಥರ ಕಂಡರೆ ಆ ಸಿಲಿಂಡರಿನ ಇಂಜೆಕ್ಟರನ್ನು ಪರೀಕ್ಷೆ ಮಾಡಿಸಿ.

ಈ ಗುರುತುಗಳಲ್ಲಿ ಯಾವುದೇ ಒಂದು ಕಂಡರೂ ಬಾಟಲಿಯ ಮೂತಿ ಮುಚ್ಚಿ, ಪೈಪ್ ಬಿಚ್ಚಿ. ಬೆಳ್ಳಿ ಕಣ ಕಂಡಿದ್ದರೆ ಇಂಜಿನ್ ಸ್ಟಾರ್ಟ್ ಕೂಡ ಮಾಡಬೇಡಿ, ಕಾರನ್ನು ಎಳೆಸಿಕೊಂಡು ಹೋಗಿ.